ಶನಿವಾರದ ರುಚಿ, ಸೋಮವಾರದ ಬಸ್ಸು

ವೈನ್ ಶಾಪ್ ಇಟ್ಟುಕೊಂಡು ಅದರಲ್ಲಿ ವೈನನ್ನೇ ಮಾರುತ್ತೇನೆಂದು ಹಠ ಹಿಡಿದ ಒಬ್ಬರೇ ಒಬ್ಬ ಮನುಷ್ಯರನ್ನು ನಾನು ಕಂಡಿದ್ದೇನೆ. ಅವರು ನನ್ನ ಸೋದರಮಾವ! ಇದರಲ್ಲೇನು ವಿಶೇಷ, ವೈನ್ ಶಾಪಿನಲ್ಲಿ ವೈನ್ ಮಾರದೆ ಸೀಮೆಎಣ್ಣೆ ಮಾರುತ್ತಾರೆಯೇ ಎಂದು ನೀವು ಕೇಳಿದರೆ, ನೀವು ನಮ್ಮ ಅರಸೀಕೆರೆ ಕಡೆಯವರಲ್ಲ ಎಂದು ಗೊತ್ತಾಯಿತು. ನಮ್ಮ ಕಡೆ ವೈನ್ ಬೋರ್ಡಿನ ಮೇಲಿರುತ್ತದೆ, ಒಳಗೆ ಬ್ರಾಂದಿ, ವಿಸ್ಕಿ, ರಮ್ಮು ಇರುತ್ತವೆ. ಗಿರಾಕಿ ಕಬ್ಬಿಣದ ಜಾಲರಿಯೊಳಗೆ ಕೈ ಚಾಚಿ “ಒಂದು ಕ್ವಾರ್ಟರ್” ಎನ್ನುತ್ತಾನೆ, ಸೀಸೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುತ್ತಾನೆ. ಅವನ ಕೈ ಹಿಡಿದು ನಿಲ್ಲಿಸಿ, “ಸ್ವಲ್ಪ ಇರಪ್ಪ, ನಿನಗೆ ದ್ರಾಕ್ಷಿಯ ಬಗ್ಗೆ ಎರಡು ಮಾತು ಹೇಳಬೇಕು” ಎನ್ನುವ ಅಂಗಡಿಯವರು ಎಲ್ಲಾದರೂ ಉಂಟೆ?

ಇದೆಲ್ಲ ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಆ ಅಂಗಡಿಯಿದ್ದ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ಮಾಡುತ್ತಾರೆ. ಅರಸೀಕೆರೆಗೆ ಹೋದಾಗಲೆಲ್ಲ ನಾನು ಬೇಕೆಂದೇ ಆ ಬೀದಿಯಲ್ಲಿ ಹಾದು ಬರುತ್ತೇನೆ. ಯಾಕೆ ಎಂದು ಕೇಳಬೇಡಿ, ಮನಸ್ಸು ಎಳೆಯುತ್ತದೆ.

ನಾನು ಆಗ ಅದೇ ಊರಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟರು, ಅಂದರೆ ಮೇಡಂ. ಹೆಣ್ಣುಮಗಳು, ಅದರಲ್ಲೂ ಟೀಚರು, ವೈನ್ ಶಾಪಿಗೆ ಹೋಗಿಬರುವುದು ಸಾಧ್ಯವೇ? ಸಾಧ್ಯ. ಮಾವನ ಮನೆಯ ಮುಂದಿನ ಕೋಣೆಯೇ ಅಂಗಡಿ. ಮುಂಬಾಗಿಲಿನಿಂದ ಹೋದರೆ ವೈನ್ ಶಾಪು, ಹಿತ್ತಲ ಬಾಗಿಲಿನಿಂದ ಹೋದರೆ ಸೋದರಮಾವನ ಮನೆ. ನಾನು ನಾಲ್ಕು ವರ್ಷ ಹಿತ್ತಲ ಬಾಗಿಲಿನಿಂದಲೇ ಓಡಾಡಿ ನನ್ನ ಮಾನವನ್ನೂ ಹೆಡ್‌ಮಾಸ್ಟರರ ನೆಮ್ಮದಿಯನ್ನೂ ಕಾಪಾಡಿದೆ.

ಇಲ್ಲಿ ಅತ್ತೆಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಅತ್ತೆ ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯವರು. ತಾಯಿ ಸತ್ತ ಮೇಲೆ ಅವರನ್ನೂ ಅವರ ತಮ್ಮನನ್ನೂ ಸಾಕಿದ್ದು ಅಪ್ಪ. ಆ ಅಪ್ಪ ಕುಡಿದು ಕುಡಿದೇ ಸತ್ತರು. ಇತ್ತ ಮಾವ ಕೊಬ್ಬರಿ ವ್ಯಾಪಾರ ಮಾಡಿ ಕೈ ಸುಟ್ಟುಕೊಂಡರು. ಸೈಕಲ್ ಬಾಡಿಗೆ ಅಂಗಡಿ ಇಟ್ಟರು, ಊರಿಗೆ ಮೊಪೆಡ್ಡು ಬಂತು. ಕ್ಯಾಸೆಟ್ ಅಂಗಡಿ ಇಟ್ಟರು, ಸಿ.ಡಿ. ಬಂತು. ಕೊನೆಗೆ ಯಾರೋ ಸ್ನೇಹಿತರು ಬಿಟ್ಟುಕೊಟ್ಟ ಲೈಸೆನ್ಸು ಹಿಡಿದು ವೈನ್ ಶಾಪ್ ಇಡುತ್ತೇನೆಂದಾಗ ಅತ್ತೆ ಒಂದೇ ಮಾತು ಹೇಳಿದರು: “ಆ ಬೋರ್ಡು ಮ್ಯಾಲೇರಿದ ದಿನ ನಾನು ಈ ಹೊಸಲು ದಾಟ್ತೀನಿ. ಅದು ಇಳಿಯೋಗಂಟ ತಿರುಗಿ ಬರಾಕಿಲ್ಲ.” ಮಾವ ಅದನ್ನು ಹೆಂಡತಿಯರು ಆಡುವ ಮಾತು ಎಂದುಕೊಂಡರು. ಪೇಂಟರು ಏಣಿ ಹತ್ತಿದ್ದ, ಮಾವ ಕೆಳಗೆ ನಿಂತು “ಅಕ್ಷರ ಇನ್ನೂ ದಪ್ಪ ಮಾಡಪ್ಪ” ಎನ್ನುತ್ತಿದ್ದರು, ಅತ್ತೆ ಟ್ರಂಕು ಹಿಡಿದು ಆ ಏಣಿಯ ಪಕ್ಕದಲ್ಲೇ ಹಾದು ಬಸ್ ಸ್ಟ್ಯಾಂಡಿಗೆ ನಡೆದರು.

ಅಂಗಡಿ ಮುಚ್ಚಬಹುದಿತ್ತಲ್ಲ ಎನ್ನುತ್ತೀರಿ. ನನ್ನ ಅಮ್ಮನೂ, ಅಂದರೆ ಮಾವನ ಅಕ್ಕನೂ, ಅದನ್ನೇ ಅಂದಳು. ಆದರೆ ಮೂರು ವ್ಯಾಪಾರ ಮುಳುಗಿಸಿದ ಮನುಷ್ಯನ ಕೈಯಲ್ಲಿ ನಿಂತದ್ದು ಇದೊಂದೇ. ಇದನ್ನೂ ಮುಚ್ಚಿದರೆ ಗೆಂಡೆಹಳ್ಳಿಯಲ್ಲಿ ಬಾಮೈದನ ಮನೆ ಜಗಲಿಯ ಮೇಲೆ ಕೂತು ಉಣ್ಣಬೇಕು. ಮಾವನಿಗೆ ಅತ್ತೆಯೂ ಬೇಕಿತ್ತು, ಅಂಗಡಿಯೂ ಬೇಕಿತ್ತು. ಎರಡೂ ಬೇಕೆನ್ನುವವರಿಗೆ ಹುಚ್ಚು ಹಿಡಿಯದೆ ಇನ್ನೇನಾಗುತ್ತದೆ?

ಆ ಹುಚ್ಚು ಬಂದದ್ದು ಒಂದು ಪುಸ್ತಿಕೆಯ ರೂಪದಲ್ಲಿ. ಬೆಂಗಳೂರಿನ ಕಡೆಯ ಯಾವುದೋ ದ್ರಾಕ್ಷಿ ತೋಟದವರ ಏಜೆಂಟರು ದಾರಿ ತಪ್ಪಿಯೋ ಏನೋ ಅರಸೀಕೆರೆಗೆ ಬಂದು ಅದನ್ನು ಕೊಟ್ಟುಹೋದರು. ಒಳಗೊಂದು ಬಣ್ಣದ ಫೋಟೋ. ಮೇಜಿನ ಸುತ್ತ ಗಂಡಸರೂ ಹೆಂಗಸರೂ ಕೂತಿದ್ದಾರೆ, ಎಲ್ಲರ ಕೈಯಲ್ಲೂ ಕಾಲಿರುವ ಗಾಜಿನ ಲೋಟ, ಎಲ್ಲರ ಮುಖದಲ್ಲೂ ನಗು. ಮಾವ ಆ ಪುಟವನ್ನು ನನ್ನ ಮುಂದೆ ಹಿಡಿದು, “ನೋಡಮ್ಮ, ಹೆಂಗಸರು ಕೂತಿದ್ದಾರೆ. ಯಾರೂ ಯಾರಿಗೂ ಹೊಡೀತಿಲ್ಲ. ಯಾರೂ ಬಿದ್ದಿಲ್ಲ. ನಮ್ಮಂಗಡಿ ಹಿಂಗಾದ್ರೆ ನಿಮ್ಮತ್ತೆ ಬರ್ತಾಳೆ” ಎಂದರು. ಅವರ ಕಣ್ಣು ಹೊಳೆಯುತ್ತಿತ್ತು. ಆ ಹೊಳಪು ನೋಡಿ, “ಅವರು ಫೋಟೋಗೆಂದು ಕೂತವರು, ಮಾವ” ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ಹೀಗೆ ಶುರುವಾಯಿತು ಶನಿವಾರದ ರುಚಿ ನೋಡುವ ಕಾರ್ಯಕ್ರಮ. ಪ್ರತಿ ಶನಿವಾರ ಸಾಯಂಕಾಲ ನಾಲ್ಕು ಗಂಟೆಗೆ, ಅಂಗಡಿಯ ಹಿಂದಿನ ಕೋಣೆಯಲ್ಲಿ. ಅಂಗಡಿಯೊಳಗೆ ಕುಡಿಯುವಂತಿಲ್ಲ ಎಂದು ಕಾನೂನು. ಮಾವ ಆ ಕಾನೂನನ್ನು ಓದಿಕೊಂಡೇ ಇದ್ದರು. ಬಾಯಿಗೆ ಹಾಕಿಕೊಂಡು, ಮುಕ್ಕಳಿಸಿ, ಉಗುಳಿದರೆ ಅದು ಕುಡಿದ ಹಾಗೆ ಹೇಗಾಗುತ್ತದೆ? ಪುಸ್ತಿಕೆಯಲ್ಲೂ ಹಾಗೇ ಬರೆದಿತ್ತಂತೆ. ಉಗುಳಲೆಂದು ಅತ್ತೆಯ ಕಾಲದ ಹಿತ್ತಾಳೆ ಚೊಂಬೊಂದನ್ನು ಮಧ್ಯೆ ಇಟ್ಟರು. ಬೆಂಗಳೂರಿನಿಂದ ಆರು ಗಾಜಿನ ಲೋಟ ತರಿಸಿದರು. ಅಷ್ಟೂ ಮಾಡಿದ ಮೇಲೆ ಬಂದವರು ಇಬ್ಬರು.

ಒಬ್ಬರು ರಿಟೈರಾದ ರೈಲ್ವೆ ಗಾರ್ಡು. ಇನ್ನೊಬ್ಬರು ಕೊಬ್ಬರಿ ಮಂಡಿಯ ಶಿವಣ್ಣ. ಗಾರ್ಡ್ ಸಾಹೇಬರು ಮೊದಲನೇ ಶನಿವಾರವೇ ಗುಟುಕರಿಸಿ ನುಂಗಿಬಿಟ್ಟರು. ಮಾವ ಚೊಂಬು ಮುಂದೆ ತಳ್ಳಿದರು.

“ಉಗುಳಬೇಕು ಸಾಹೇಬ್ರೆ.”

“ನೋಡಿ ಸ್ವಾಮಿ, ನಾನು ಮೂವತ್ತು ವರ್ಷ ಸರ್ವೀಸ್ ಮಾಡಿದೀನಿ. ಒಳಗೆ ಹತ್ತಿದೋರನ್ನ ಹೊರಗೆ ದಬ್ಬಿದೋನಲ್ಲ.”

ಶಿವಣ್ಣನದು ಬೇರೆ ಕಷ್ಟ. ಅವರಿಗೆ ಜಗತ್ತಿನಲ್ಲಿ ಗೊತ್ತಿದ್ದ ವಾಸನೆ ಒಂದೇ, ಕೊಬ್ಬರಿಯದು. ಮಾವ ಲೋಟ ಅಲ್ಲಾಡಿಸಿ ಮೂಗಿಗೆ ಹಿಡಿದು, “ಏನನ್ನಿಸ್ತದೆ ಶಿವಣ್ಣ? ನಿಧಾನವಾಗಿ ಹೇಳಿ” ಎಂದರೆ, ಶಿವಣ್ಣ ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿ, “ಅಟ್ಟದ ಮ್ಯಾಗೆ ಮಳೆ ನೀರು ಸೋರಿದ ಕೊಬ್ಬರಿ ಕಣಯ್ಯ ಇದು” ಎನ್ನುವರು. ಇನ್ನೊಂದು ಸೀಸೆಗೆ, “ಇದು ಪರವಾಗಿಲ್ಲ. ಮೊದಲ್ನೇ ದರ್ಜೆ. ಆದ್ರೆ ಇನ್ನೊಂದು ವಾರ ಒಣಗಬೇಕಿತ್ತು.” ಮಾವ ಅದನ್ನೆಲ್ಲ ಒಂದು ಉದ್ದ ನೋಟ್ ಬುಕ್ಕಿನಲ್ಲಿ ಶ್ರದ್ಧೆಯಿಂದ ಬರೆದುಕೊಳ್ಳುವರು. ಮುಂದಿನ ಸಲ ಬಂದ ಏಜೆಂಟರು ಅದನ್ನು ಎರಡೆರಡು ಸಲ ತಿರುವಿ ಓದಿದರಂತೆ.

ಮಾವನಂತೂ ತಪ್ಪದೆ ಉಗುಳುತ್ತಿದ್ದರು. ಅಂಗಡಿ ನೋಡಿಕೊಳ್ಳುತ್ತಿದ್ದ ಐವತ್ತು ವರ್ಷದ ರಂಗಪ್ಪ ಬಾಗಿಲಿಗೆ ಒರಗಿ ನಿಂತು ಇದನ್ನೆಲ್ಲ ಕೇಳುತ್ತಿದ್ದ. ನಾನು ಮೂಲೆಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತ, ಕಡಲೆಪುರಿ ತಿನ್ನುತ್ತ ಕೂರುತ್ತಿದ್ದೆ. ನಾಲಿಗೆ ತೊಳೆದುಕೊಳ್ಳಲೆಂದು ಅವರಿಗಾಗಿ ಇಟ್ಟಿದ್ದ ಕಡಲೆಪುರಿ ಅದು, ಮುಕ್ಕಾಲು ಪಾಲು ಖಾಲಿ ಮಾಡುತ್ತಿದ್ದವಳು ನಾನೇ. ಗೋಡೆಯ ಪಕ್ಕ ಇನ್ನೊಂದು ಕುರ್ಚಿ ಸದಾ ಖಾಲಿ ಇರುತ್ತಿತ್ತು. ಗಾರ್ಡ್ ಸಾಹೇಬರು ಒಮ್ಮೆ ಅದರ ಮೇಲೆ ಟೋಪಿ ಇಟ್ಟರೆ ಮಾವ ಟೋಪಿ ತೆಗೆದು ಮೊಳೆಗೆ ಹಾಕಿದರು. ಯಾರೂ ಕಾರಣ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಶನಿವಾರದ ಈ ಸಂಶೋಧನೆಯ ಫಲ ಹಬ್ಬ ಹಬ್ಬಕ್ಕೂ ಅಂಗಡಿ ಮುಂದಿನ ಕರಿಹಲಗೆಯ ಮೇಲೆ ಪ್ರಕಟವಾಗುತ್ತಿತ್ತು. ಯಾವ ಹಬ್ಬಕ್ಕೆ ಯಾವ ವೈನು! ಸಂಕ್ರಾಂತಿಗೆ ಅವರೆಕಾಯಿ, ಗೆಣಸು ಬೇಯಿಸುವವರು ಬಿಳಿಯದನ್ನು ತೆಗೆದುಕೊಳ್ಳಬೇಕು. ಯುಗಾದಿಯ ಮಾರನೇ ದಿನ ವರ್ಷದ ತೊಡಕಿನ ಬಾಡೂಟಕ್ಕೆ ಕೆಂಪು, ಅದರಲ್ಲೂ ಖಾರ ಮುಂದಾಗಿದ್ದರೆ ಸಿಹಿ ಕೆಂಪು. ಜನ ನಿಂತು ಓದುತ್ತಿದ್ದರು, ತಲೆದೂಗುತ್ತಿದ್ದರು, ಒಳಗೆ ಬಂದು ಬ್ರಾಂದಿ ತೆಗೆದುಕೊಂಡು ಹೋಗುತ್ತಿದ್ದರು. ಶಿವರಾತ್ರಿಯ ದಿನ ಮಾವ ಹಲಗೆಯ ಮೇಲೆ ದೊಡ್ಡದಾಗಿ ಬರೆದರು: “ಈ ದಿನ ಯಾವುದೂ ಬೇಡ. ಉಪವಾಸ ಮಾಡಿ. ನೀರು ಒಳ್ಳೆಯದು.” ವ್ಯಾಪಾರ ಮಾಡುವ ಮನುಷ್ಯ ಬರೆಯುವ ಮಾತೇ ಇದು? ಆವತ್ತು ಬಂದ ಒಬ್ಬ ಗಿರಾಕಿ ಅದನ್ನು ಓದಿ ನಿಜಕ್ಕೂ ಮನೆಗೆ ಹೋಗಿಬಿಟ್ಟ. ಅವನ ಹೆಂಡತಿ ಮಾರನೇ ದಿನ ಮಾವನಿಗೆ ಒಂದು ಸೋರೆಕಾಯಿ ಕಳಿಸಿಕೊಟ್ಟಳು. ಅಂಗಡಿಯ ಇತಿಹಾಸದಲ್ಲಿ ಒಬ್ಬ ಹೆಂಗಸಿನಿಂದ ಬಂದ ಮೊದಲ ಮೆಚ್ಚುಗೆ ಎಂದು ಮಾವ ಆ ಸೋರೆಕಾಯಿಯನ್ನು ಮೂರು ದಿನ ಸಾರು ಮಾಡದೆ ನೋಡುತ್ತಿದ್ದರು.

ಆದರೆ ಮಾವನ ನಿಜವಾದ ಸುಗ್ಗಿ ಪಿತೃಪಕ್ಷ. ನಮ್ಮ ಕಡೆ ಹಿರಿಯರ ಹಬ್ಬದಲ್ಲಿ ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡುತ್ತಾರಲ್ಲ, ಬೀಡಿ ಸೇದುವವರಿಗೆ ಬೀಡಿ, ಕುಡಿಯುವವರಿಗೆ ಕುಡಿಯುವುದು. ಆ ಹದಿನೈದು ದಿನ ಬದುಕಿದ್ದವರಿಗಿಂತ ಸತ್ತ ಗಿರಾಕಿಗಳೇ ಜಾಸ್ತಿ. ಹತ್ತಿರದ ಗಂಡಸಿ ಊರಿನ ರೈತರೊಬ್ಬರು ಬಂದು ಬ್ರಾಂದಿ ಕೇಳಿದರು.

“ಯಾರಿಗೆ?”

“ನಮ್ಮಪ್ಪಂಗೆ ಸಾಮಿ. ಎಡೆಗೆ.”

“ಹೆಂಗಿದ್ರು ನಿಮ್ಮಪ್ಪ? ಸಿಟ್ಟಿನೋರಾ, ಸಮಾಧಾನದೋರಾ?”

“ಬಲು ಸಿಟ್ಟು.”

“ಹಲ್ಲಿದ್ವಾ?”

“ಹಲ್ಲಿಗೂ ಇದಕ್ಕೂ ಏನು ಸಂಬಂಧ ಸಾಮಿ?”

ಮಾವ ಸಂಬಂಧವನ್ನು ಅರ್ಧ ಗಂಟೆ ವಿವರಿಸಿದರು. ಕೊನೆಗೆ ಒಂದು ಸಿಹಿ ಕೆಂಪು ವೈನಿನ ಸೀಸೆ ಕೊಟ್ಟು, “ಬದುಕಿದ್ದಾಗ ಆ ಬೆಂಕಿ ಕುಡಿದದ್ದು ಸಾಕು, ಈಗಲಾದ್ರೂ ತಂಪಾಗಿ ಕುಡೀಲಿ” ಎಂದರು.

“ಕನಸಿನಾಗೆ ಬಂದು ಬೈದ್ರೆ?”

“ಬಾಟ್ಲಿ ವಾಪಸ್ ತಗೊಂಡು ಬನ್ನಿ, ಬ್ರಾಂದಿ ಕೊಡ್ತೀನಿ.”

ಹಬ್ಬ ಮುಗಿದ ವಾರಕ್ಕೆ ಆ ರೈತರು ಬಂದರು. ಬೈಗುಳ ಬಿತ್ತೇನೋ ಎಂದು ರಂಗಪ್ಪ ಬ್ರಾಂದಿ ತೆಗೆದಿಟ್ಟ. ಅವರು ಜಾಲರಿ ಹಿಡಿದು ನಿಂತು, “ಕನಸಿನಾಗೆ ಬಂದಿದ್ರು ಸಾಮಿ” ಎಂದರು. ಮಾವ ಹತ್ತಿರ ಬಂದರು. “ಏನಂದ್ರು?” “ಏನೂ ಅನ್ನಲಿಲ್ಲ. ಸುಮ್ನೆ ನಕ್ರು. ಅವರು ನಕ್ಕಿದ್ದು ನಾನು ನೋಡೇ ಇರಲಿಲ್ಲ.” ಅಷ್ಟು ಹೇಳಿ ಏನೂ ಕೊಳ್ಳದೆ ಹೊರಟುಹೋದರು. ಮಾವ ಅದನ್ನೂ ಆ ಉದ್ದ ನೋಟ್ ಬುಕ್ಕಿನಲ್ಲಿ ಬರೆದುಕೊಂಡರು.

ಇನ್ನು ಸೋಮವಾರ. ಸೋಮವಾರ ಬೆಳಗ್ಗೆ ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಒಂದು ಸಣ್ಣ ವೈನ್ ಸೀಸೆಯನ್ನು ಟವೆಲಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು, ಎರಡು ಮೊಳ ಮಲ್ಲಿಗೆ ಕೊಂಡು, ಜಾವಗಲ್ ಹಳೇಬೀಡಿನ ಮೇಲೆ ಹೋಗುವ ಬಸ್ಸು ಹಿಡಿದು, ಬೇಲೂರಿನಲ್ಲಿ ಬದಲಿಸಿ ಗೆಂಡೆಹಳ್ಳಿಗೆ ಹೋಗುತ್ತಿದ್ದರು. ಹೆಂಡತಿಯನ್ನು ನೋಡಲು! ಜಗಳವೇನೂ ಇರಲಿಲ್ಲ. ಅತ್ತೆ ಹೂವು ಮುಡಿಯುವರು, ಬಿಸಿ ರೊಟ್ಟಿ ತಟ್ಟಿ ಹುಚ್ಚೆಳ್ಳು ಚಟ್ನಿ ಹಾಕುವರು, ಇಬ್ಬರೂ ಜಗಲಿಯ ಮೇಲೆ ಕೂತು ಮಧ್ಯಾಹ್ನವೆಲ್ಲ ಮಾತಾಡುವರು. ಸೀಸೆಯನ್ನು ಮಾತ್ರ ಅತ್ತೆ ಚೀಲದಿಂದ ಹೊರಗೆ ತೆಗೆಯಲು ಬಿಡುವುದಿಲ್ಲ. ಬಸ್ಸಿನವರೆಗೂ ಬಂದು ಕಳಿಸುವರು. ಅಲ್ಲಿ ಪ್ರತಿ ವಾರವೂ ಅವೇ ಎರಡು ಮಾತು.

“ಒಂದ್ಸಲ ಬಂದು ನೋಡೇ. ನೀನು ಅಂದ್ಕೊಂಡಂಗಿಲ್ಲ ಅದು.”

“ನಮ್ಮಪ್ಪನ್ನ ನೋಡಿದ್ದೀನಿ. ಸಾಕು.”

ಆ ಸೀಸೆ ಬಾಯಿ ಬಿಚ್ಚದೆ ತಿರುಗಿದಷ್ಟು ದೂರ ನಾನು ಜೀವಮಾನದಲ್ಲಿ ತಿರುಗಿಲ್ಲ. ಒಮ್ಮೆ ಹಳೇಬೀಡಿನಲ್ಲಿ ದೇವಸ್ಥಾನ ನೋಡಿಕೊಂಡು ಬಸ್ಸು ಹತ್ತಿದ ವಿದೇಶಿ ಹೆಂಗಸೊಬ್ಬಳು ಮಾವನ ಪಕ್ಕದಲ್ಲಿ ಕೂತಳಂತೆ. ವೈನಿನ ವಿಷಯ ತಿಳಿದವಳು ಇರಬಹುದೆಂದು ಮಾವ ಟವೆಲು ಬಿಚ್ಚಿ ತೋರಿಸಿದರು. ಅವಳು ಸಂತೋಷದಿಂದ ಚೀಲದಲ್ಲಿ ಬಿರಡೆ ತೆಗೆಯುವ ಸಾಧನ ಹುಡುಕತೊಡಗಿದಳು. ಮಾವ ಗಾಬರಿಯಾಗಿ ಸೀಸೆ ಎದೆಗವಚಿಕೊಂಡು, ತಮಗೆ ಬರುತ್ತಿದ್ದ ಅಷ್ಟೂ ಇಂಗ್ಲಿಷನ್ನು ಖರ್ಚು ಮಾಡಿದರು: “ನೋ ನೋ. ವೈಫ್. ಗೆಂಡೆಹಳ್ಳಿ. ತ್ರೀ ಇಯರ್ಸ್.” ಅವಳಿಗೆ ಏನು ತಿಳಿಯಿತೋ, ಕಣ್ಣೊರೆಸಿಕೊಂಡು ಒಂದು ಬಿಸ್ಕತ್ ಪೊಟ್ಟಣ ಕೊಟ್ಟಳಂತೆ. ಆ ಪೊಟ್ಟಣವನ್ನೂ ಮಾವ ಅತ್ತೆಗೇ ಕೊಟ್ಟರು.

ಹೀಗೇ ನಾಲ್ಕು ವರ್ಷ ಹೋಯಿತು. ಶನಿವಾರ ಬಂತು, ಸೋಮವಾರ ಬಂತು, ಅತ್ತೆ ಬರಲಿಲ್ಲ. ಮಾವನ ತಲೆ ಪೂರಾ ಬೆಳ್ಳಗಾಯಿತು. ಕೆಲವು ಶನಿವಾರ ಅವರು ಲೋಟ ಹಿಡಿದು ಮಾತು ಮರೆತು ಬೀದಿ ಬಾಗಿಲ ಕಡೆ ನೋಡುವುದನ್ನು ಕಂಡಾಗ ನನಗೆ ಪತ್ರಿಕೆ ತಿದ್ದಲಾಗುತ್ತಿರಲಿಲ್ಲ.

ಆ ನಾಲ್ಕನೇ ವರ್ಷದ ಪಿತೃಪಕ್ಷ. ಸೋಮವಾರ. ಮಧ್ಯಾಹ್ನದ ಊಟದ ಬೆಲ್ಲು ಹೊಡೆದಿತ್ತು. ರಂಗಪ್ಪ ಏದುಸಿರು ಬಿಡುತ್ತ ಸ್ಕೂಲಿಗೆ ಬಂದ. “ಮೇಡಮ್ಮಾರೆ, ಯಾರೋ ಹೆಂಗಸರು ಅಂಗ್ಡಿ ಮುಂದೆ ನಿಂತವ್ರೆ. ಏನು ಬೇಕು ಅಂದ್ರೆ ಹೇಳಾಕಿಲ್ಲ. ಹೋಗಾಕೂ ಇಲ್ಲ.” ನಾನು ಹೋಗಿ ನೋಡಿದೆ. ಕೈಯಲ್ಲಿ ಬಟ್ಟೆಯ ಚೀಲ ಹಿಡಿದು, ತಲೆಯ ಮೇಲೆ ಸೆರಗು ಹೊದ್ದು, ಎದುರಿನ ಚರಂಡಿಯ ಕಲ್ಲಿನ ಮೇಲೆ ನಿಂತು ಅತ್ತೆ ಬೋರ್ಡು ಓದುತ್ತಿದ್ದರು.

“ಅತ್ತೆ, ಮಾವ ಈಗ ನಿಮ್ಮೂರಲ್ಲೇ ಇರ್ತಾರಲ್ಲ” ಎಂದೆ.

“ಅದ್ಕೇ ಇವತ್ತು ಬಂದಿದ್ದು. ಅವ್ರಿದ್ರೆ ವಿವರ್ಸಾಕೆ ಶುರು ಮಾಡ್ತಾರೆ. ಬೇಲೂರಿಗೋಗವ್ಳೆ ಅಂತ ಹೇಳಿ ಊಟ ಬಡ್ಸು ಅಂತ ತಮ್ಮನ ಹೆಂಡ್ತಿಗೆ ಹೇಳಿ ಬಂದಿದ್ದೀನಿ.”

ನಾನು ಮೊದಲ ಸಲ ಮುಂಬಾಗಿಲಿನಿಂದ ಒಳಗೆ ಹೋದೆ, ಅತ್ತೆಯ ಕೈ ಹಿಡಿದುಕೊಂಡು.  ಹಿಂದಿನ ಕೋಣೆಯಲ್ಲಿ ಕೂರಿಸಿದೆ, ಖಾಲಿ ಕುರ್ಚಿಯ ಮೇಲೆ. ಚೀಲವನ್ನು ಮಡಿಲಲ್ಲಿಟ್ಟುಕೊಂಡು ಹೇಳಿದರು: “ಅಪ್ಪ ಕನಸಿನಾಗೆ ಬತ್ತವ್ನೆ ಕಣವ್ವ. ಮೂರು ದಿನ ಆಯ್ತು. ಜಗಲಿ ಮ್ಯಾಲೆ ಕೂತಿರ್ತಾನೆ. ಕೇಳಿದ್ರೆ ಬೈಬೋದಿತ್ತು. ಏನೂ ಕೇಳ್ದೆ ಕೂತಿರ್ತಾನೆ. ಇಷ್ಟು ವರ್ಷ ಅವ್ನ ಎಡೆಗೆ ನಾನು ಅದ್ನ ಇಡಾಕೆ ಬಿಟ್ಟಿಲ್ಲ.”

 ಮಾವ ಎಲ್ಲರನ್ನೂ ಕೇಳುತ್ತಿದ್ದ ಪ್ರಶ್ನೆಯನ್ನೇ ಕೇಳಿದೆ. “ಹೆಂಗಿದ್ರು ಅತ್ತೆ ನಿಮ್ಮಪ್ಪ?”

ಅವರು ಬಹಳ ಹೊತ್ತು ಹೇಳಿದರು. ಕುಡಿದಾಗಿನದು ಸ್ವಲ್ಪವೇ. ಕುಡಿಯದ ದಿನ ಅಪ್ಪ ತನ್ನ ತಲೆ ಬಾಚಿ ಜಡೆ ಹಾಕುತ್ತಿದ್ದದ್ದು, ಜಡೆ ಯಾವಾಗಲೂ ಒಂದು ಕಡೆಗೆ ಸೊಟ್ಟಗಾಗುತ್ತಿದ್ದದ್ದು, ಸ್ಕೂಲಿನಲ್ಲಿ ಹುಡುಗಿಯರು ನಗುತ್ತಿದ್ದದ್ದು, ಆದರೂ ಬಿಚ್ಚಿ ಕಟ್ಟಿಕೊಳ್ಳದೆ ಸಂಜೆಯವರೆಗೆ ಹಾಗೇ ಇರುತ್ತಿದ್ದದ್ದು. ರಂಗಪ್ಪ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಯಾವ ವೈನು ಎಂದು ನನಗೆ ಹೊಳೆಯಲಿಲ್ಲ, ಅವನಿಗೆ ಹೊಳೆಯಿತು. ನಾಲ್ಕು ವರ್ಷ ಶನಿವಾರ ಕೇಳಿಸಿಕೊಂಡವನಲ್ಲವೇ? ಒಂದು ಸಣ್ಣ ಸೀಸೆ ತಂದು ಎರಡೂ ಕೈಯಲ್ಲಿ ಕೊಟ್ಟ. ಅತ್ತೆ ಅದನ್ನು ಸೀರೆಯ ಮಡಿಕೆಯೊಳಗೆ ಸುತ್ತಿ ಚೀಲದಲ್ಲಿಟ್ಟುಕೊಂಡರು.

ಹೊರಡುವ ಮುಂಚೆ ಅವರ ಕಣ್ಣು ಆ ಆರು ಗಾಜಿನ ಲೋಟಗಳ ಮೇಲೆ ಬಿತ್ತು. ಶನಿವಾರದಿಂದ ಹಾಗೇ ಇದ್ದವು. “ಥೂ, ಗಂಡಸರ ಬಾಳು” ಎಂದು ಹಿತ್ತಲಿಗೆ ಹೊತ್ತುಕೊಂಡು ಹೋಗಿ, ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ಒಂದು ಬಿಳಿ ಬಟ್ಟೆ ಹಾಸಿ ಸಾಲಾಗಿ ಬೋರಲು ಹಾಕಿದರು. “ಅವ್ರಿಗೆ ಹೇಳಬ್ಯಾಡ” ಎಂದು ನನ್ನಿಂದ ಆಣೆ ಹಾಕಿಸಿಕೊಂಡು ಬಸ್ಸು ಹತ್ತಿದರು.

ಸಂಜೆ ಮಾವ ಬಂದರು. “ನಿಮ್ಮತ್ತೆ ಬೇಲೂರಿಗೆ ಹೋಗಿದ್ಲಂತೆ, ಸಿಗಲಿಲ್ಲ” ಎಂದು ಅಂಗಿ ಬಿಚ್ಚುತ್ತ ಹಿಂದಿನ ಕೋಣೆಗೆ ಹೋದರು. ಲೋಟಗಳನ್ನು ಕಂಡರು. ಆ ಮನೆಯಲ್ಲಿ ಲೋಟ ತೊಳೆದು ಬಟ್ಟೆಯ ಮೇಲೆ ಬೋರಲು ಹಾಕುವವರು ಒಬ್ಬರೇ ಇದ್ದರು. ಮಾವ ನನ್ನ ಕಡೆ ತಿರುಗಲೇ ಇಲ್ಲ. ಯಾರು ಬಂದಿದ್ದರು ಎಂದು ಕೇಳಲೂ ಇಲ್ಲ. ನಾನು ಆಣೆ ಹಾಕಿದ್ದು ಅವರಿಗೆ ಗೊತ್ತಾಗಿತ್ತೋ ಏನೋ. ಆ ಶನಿವಾರದ ರುಚಿ ನೋಡುವುದು ರದ್ದಾಯಿತು. ಲೋಟಗಳನ್ನು ಯಾರೂ ಮುಟ್ಟಬಾರದು ಎಂದು ರಂಗಪ್ಪನಿಗೆ ಅಪ್ಪಣೆಯಾಯಿತು.

ಮುಂದಿನ ಸೋಮವಾರ ಮಾವ ಎಂದಿನಂತೆ ಬಿಳಿ ಅಂಗಿ ಹಾಕಿ ಮಲ್ಲಿಗೆ ಕೊಂಡು ಹೊರಟರು. ಅದರ ಮುಂದಿನ ಸೋಮವಾರವೂ ಹೊರಟರು. ಮೂರನೆಯದಕ್ಕೆ ನಾನು ಅಮ್ಮನನ್ನು ರೈಲು ಹತ್ತಿಸಲು ಸ್ಟೇಷನ್ನಿಗೆ ಹೋಗಿದ್ದೆ. ರೈಲು ಹೋಯಿತು. ಪ್ಲಾಟ್‌ಫಾರ್ಮಿನ ತುದಿಯ ಬೆಂಚಿನ ಮೇಲೆ ಮಾವ ಒಬ್ಬರೇ ಕೂತಿದ್ದರು! ಪಕ್ಕದಲ್ಲಿ ಚೀಲ, ಬಾಡಿದ ಮಲ್ಲಿಗೆ, ಅರ್ಧ ತಿಂದ ಬನ್ನು.

“ಮಾವ, ಗೆಂಡೆಹಳ್ಳಿಗೆ ಹೋಗ್ಲಿಲ್ವಾ?”

“ಕೂತ್ಕೊ. ಹೇಳ್ತೀನಿ. ನಾನು ಅಂಗಡೀಲಿದ್ರೆ ಅವಳು ಬರಲ್ಲ. ನಾನು ಅಲ್ಲಿಗೆ ಹೋದ್ರೆ ನನಗೆ ರೊಟ್ಟಿ ಹಾಕ್ಕೊಂಡು ಅವಳು ಅಲ್ಲೇ ಇರಬೇಕು. ಬರಬೇಕು ಅನ್ನಿಸಿದ್ರೂ ಹೆಂಗೆ ಬರ್ತಾಳೆ? ಅದಕ್ಕೇ ಸೋಮವಾರ ಎರಡೂ ಕಡೆ ಇಲ್ಲದಂಗೆ ಇಲ್ಲಿ ಬಂದು ಕೂತಿದ್ದೀನಿ. ಅವಳು ಬಂದು ನಿಧಾನವಾಗಿ ನೋಡ್ಕೊಂಡು ಹೋಗ್ಲಿ.” ಸ್ವಲ್ಪ ತಡೆದು, “ಅವಳಿಗೆ ಹೇಳಬೇಡ ಕಣಮ್ಮ” ಎಂದರು.

ವಾರಕ್ಕೊಂದು ದಿನ ಕಾಣುವ ಹೆಂಡತಿಯ ಮುಖವನ್ನೂ ಬಿಟ್ಟುಕೊಟ್ಟು ಬನ್ನು ತಿನ್ನುತ್ತ ಕೂತಿದ್ದ ಈ ಮನುಷ್ಯನಿಗೆ ಏನು ಹೇಳುವುದು? ಈಗ ನನ್ನ ಬಳಿ ಎರಡು ಗುಟ್ಟುಗಳಾದವು. ಅತ್ತೆಯದನ್ನು ಮಾವನಿಗೆ ಹೇಳುವಂತಿಲ್ಲ, ಮಾವನದನ್ನು ಅತ್ತೆಗೆ ಹೇಳುವಂತಿಲ್ಲ. ಇನ್ನೊಂದು ಸೋಮವಾರ ಹೀಗೇ ಹೋಯಿತು. ಗುರುವಾರ ಹೆಡ್‌ಮಾಸ್ಟರರ ರೂಮಿಗೆ ಫೋನ್ ಬಂತು, ಬೇಲೂರಿನ ಒಂದು ಎಸ್.ಟಿ.ಡಿ. ಬೂತಿನಿಂದ.

“ಅವ್ರಿಗೆ ಹುಷಾರಿಲ್ವೇನವ್ವ? ನಾಕು ವಾರ ಆಯ್ತು, ಬರಲಿಲ್ಲ.”

“ಚೆನ್ನಾಗಿದ್ದಾರೆ ಅತ್ತೆ.”

ಆ ಕಡೆ ಬೂತಿನ ಮೀಟರು ಓಡುತ್ತಿರಬೇಕು. “ನಾನು ಅಲ್ಲಿಗೆ ಬಂದೋಗಿದ್ದು ಗೊತ್ತಾಗಿ ಬೇಜಾರಾಯ್ತಾ? ಅದಾದ್ರೂ ಹೇಳು. ಸೋಮವಾರ ಬಂದ್ರೆ ರೊಟ್ಟಿ ಕಲಸಿ ಕಾಯ್ಕೊಂಡು ಕೂತಿರ್ತೀನಿ. ಕೊನೆ ಬಸ್ಸು ಹೋದ್ಮೇಲೆ ದನಕ್ಕೆ ಹಾಕ್ತೀನಿ.”

ಹೆಡ್‌ಮಾಸ್ಟರರು ಎದುರಿಗೇ ಕೂತಿದ್ದರು. ಆದರೂ ಮಾವ ಹೇಳಬೇಡವೆಂದ ಮಾತು ಮೀರಿದೆ. ಸ್ಟೇಷನ್ನಿನ ಬೆಂಚು, ಮಲ್ಲಿಗೆ, ಎರಡೂ ಕಡೆ ಇಲ್ಲದ ಲೆಕ್ಕ, ಎಲ್ಲ ಹೇಳಿಬಿಟ್ಟೆ. ಅತ್ತೆ ಎಲ್ಲವನ್ನೂ ಕೇಳಿ, “ಊಟ ಏನು ಮಾಡ್ತಾರೆ ಅಲ್ಲಿ?” ಎಂದರು. “ಬನ್ನು” ಎಂದೆ. “ಬನ್ನಾ” ಎಂದು ಫೋನಿಟ್ಟರು.

ಸೋಮವಾರ ನಾನು ಅರ್ಧ ದಿನ ರಜೆ ಹಾಕಿ ಬಸ್ ಸ್ಟ್ಯಾಂಡಿನಲ್ಲಿ ಕಾದೆ. ಬರುತ್ತೇನೆಂದು ಅವರು ಹೇಳಿರಲಿಲ್ಲ, ಆದರೆ ನನಗೆ ಗೊತ್ತಿತ್ತು. ಬೇಲೂರಿನ ಬಸ್ಸಿನಿಂದ ಅತ್ತೆ ಇಳಿದರು. ಕೈಯಲ್ಲಿ ಬಟ್ಟೆ ಸುತ್ತಿದ ಸ್ಟೀಲಿನ ಡಬ್ಬಿ, ಇನ್ನೂ ಬೆಚ್ಚಗಿತ್ತು. ಅಂಗಡಿಗೆ ಹೋಗೋಣವಾ ಎಂದೆ. ಅವರು ಬೇಡವೆಂದು ತಲೆಯಾಡಿಸಿ ಸ್ಟೇಷನ್ನಿನ ದಾರಿ ಹಿಡಿದರು. ನಾನು ಅವರ ಹಿಂದೆ ಓಡುವಂತಾಯಿತು.

ಮಾವ ಅದೇ ಬೆಂಚಿನ ಮೇಲಿದ್ದರು. ಅತ್ತೆ ಎದುರಿಗೆ ಬಂದು ನಿಂತದ್ದನ್ನು ಕಂಡು ಎದ್ದು ನಿಂತರು, ಮತ್ತೆ ಕೂತರು. ಮಲ್ಲಿಗೆಯ ಪೊಟ್ಟಣವನ್ನು ಎಡಗೈಯಿಂದ ಬಲಗೈಗೆ ತೆಗೆದುಕೊಂಡರು. ಆಮೇಲೆ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ನೆಲ ನೋಡುತ್ತ ಹೇಳಿದರು.

“ನಾನು ಸಂಜೆಗಂಟ ಅಲ್ಲಿಗೆ ಬರಲ್ಲ. ನೀನು ಹೋಗಿ ಅಂಗಡಿ ನೋಡ್ಕೊಂಡು ಬಾ.”

“ಅಂಗ್ಡಿ ಅವತ್ತೇ ನೋಡಾಯ್ತು” ಎಂದರು ಅತ್ತೆ. “ಈಗ ನಿಮ್ಮುನ್ನ ನೋಡಾಕೆ ಬಂದಿದ್ದೀನಿ.”

ಮಾವ ವಿವರಿಸಲೆಂದು ಬಾಯಿ ತೆರೆದರು. ಏನೂ ಬರಲಿಲ್ಲ. ಆ ಉದ್ದನೆಯ ಬೆಂಚು ಪೂರಾ ಖಾಲಿಯಿತ್ತು. ಆದರೂ ಅವರು ಒಂದಿಷ್ಟು ಪಕ್ಕಕ್ಕೆ ಸರಿದು, ತಮ್ಮ ಟವೆಲಿನಿಂದ ಒರೆಸಿ, ಅತ್ತೆಗೆ ಕೂರಲು ಜಾಗ ಮಾಡಿದರು.